ಜಂಟಿ ಬೀಗದ ನೀರು

ನೀರಿನ ವಿಷಯದಲ್ಲಿ ಇಂದುಧರನಿಗೆ ಜ್ಞಾನೋದಯವಾದದ್ದು ವಿಜಯವಾಡದಲ್ಲಿ. ಅವನು ಬ್ಯಾಂಕಿನ ಒನ್ ಟೌನ್ ಶಾಖೆಯಲ್ಲಿದ್ದಾಗ ಒಂದು ಬೇಸಿಗೆ ಎಲ್ಲೋ ದೊಡ್ಡ ಪೈಪು ಒಡೆದು, ಮೂರು ದಿನ ಬೀದಿಯ ನಲ್ಲಿಗಳೆಲ್ಲ ಬರೀ ಕೆಮ್ಮಿದವು. ಕೂಗಿದರೆ ಓಗೊಡುವಷ್ಟು ದೂರದಲ್ಲಿ ಕೃಷ್ಣೆ ಬ್ಯಾರೇಜಿಗೆ ಒರಗಿಕೊಂಡು ಆರಾಮಾಗಿ ಮಲಗಿದ್ದಳು; ಇತ್ತ ಹೊಸದುರ್ಗದ ಇಂದುಧರ ಗೋಲಿ ಸೋಡಾದಲ್ಲಿ ಹಲ್ಲುಜ್ಜಿದ. ಸೋಡಾ ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ಈಗ ಮನೆಯಲ್ಲಿರುವ ನೀರು ಅದೊಂದೇ ಎಂದು ಹೆಂಡತಿ ವೇದವತಿ ಹೇಳಿದ್ದು ಅವನಿಗೆ ತಮಾಷೆ ಅನ್ನಿಸಲಿಲ್ಲ. ಸಂಸಾರವಂತನಾದವನು ಅಕ್ಕಿ ಬೇಳೆ ಇಡುವ ಹಾಗೆ ಕುಡಿಯುವ ನೀರನ್ನೂ ತುರ್ತಿಗೆಂದು ತೆಗೆದಿಡಬೇಕು ಎಂಬ ತತ್ತ್ವ ಅವತ್ತು ಹುಟ್ಟಿತು. ಅದನ್ನು ಕೇಳಿಸಿಕೊಳ್ಳದೆ ತಪ್ಪಿಸಿಕೊಂಡ ಸಹೋದ್ಯೋಗಿ ಇರಲಿಲ್ಲ.

ಎಂಬತ್ತೇಳರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಪೆದ ವಾಲ್ತೇರಿನಲ್ಲಿ, ಸಮುದ್ರದ ಸದ್ದು ನಡುಮನೆಯವರೆಗೂ ಬರುವಂಥ ಬಾಡಿಗೆ ಮನೆ. ಸಾಮಾನು ಇಳಿಸಿದ ವಾರಕ್ಕೇ ಇಂದುಧರ ಇಪ್ಪತ್ತು ಲೀಟರಿನ ಎಂಟು ಕ್ಯಾನು ತಂದ. ಕುದಿಸಿ, ಆರಿಸಿ, ಸೋಸಿದ ನೀರನ್ನು ತುಂಬಿ ನಡುಮನೆಯ ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿದ. ತಾನು, ವೇದವತಿ, ಎಂಟು ವರ್ಷದ ಮಗಳು ಮೃಣಾಲಿನಿ, ತಾಯಿ ಮಂಗಳಾಗೌರಿ, ಹೀಗೆ ನಾಲ್ಕು ಬಾಯಿ. ತಲೆಗೆ ದಿನಕ್ಕೆ ನಾಲ್ಕು ಲೀಟರು. ಹತ್ತು ದಿನ ಲೋಕ ಮುಳುಗಿದರೂ ತೊಂದರೆಯಿಲ್ಲ.

ಲೋಕ ಮುಳುಗಲಿಲ್ಲ. ಆದರೂ ಹದಿನೈದೇ ದಿನದಲ್ಲಿ ಐದು ಕ್ಯಾನು ಬರಿದಾದವು. ಎರಡನ್ನು ಕೆಲಸದವಳು ಹೊಸಿಲು ತೊಳೆಯಲು ಬಳಸಿದ್ದಳು. ಉಳಿದದ್ದು ವೇದವತಿಯ ಕೈಚಳಕ.

"ನಲ್ಲಿ ಬರಲಿಲ್ಲ, ತಗೊಂಡೆ. ತುರ್ತಿಗೆ ಅಂತ ತಾನೇ ಇಟ್ಟಿರೋದು?" ಎಂದಳು ಅವಳು.

"ಅದು ತುರ್ತಲ್ಲ, ಕೊರತೆ. ತುರ್ತು ಬೇರೆ," ಎಂದ ಇಂದುಧರ.

"ಎರಡಕ್ಕೂ ಬಾಯಿ ಒಂದೇ ಥರ ಒಣಗುತ್ತಲ್ರೀ."

ವಾದದಲ್ಲಿ ಸೋತವನು ವ್ಯವಸ್ಥೆಯಲ್ಲಿ ಗೆಲ್ಲಬೇಕು. ಶಾಖೆಯ ಹಳೆಯ ಸಾಮಾನು ವಿಲೇವಾರಿಗೆ ಬಂದಾಗ ಇಂದುಧರ ಒಂದು ಭಾರಿ ಉಕ್ಕಿನ ಬೀರುವನ್ನು ಮನೆಗೆ ಸಾಗಿಸಿದ. ಆರು ಜನ ಹೊತ್ತು ತಂದರು; ಏಳನೆಯವನು ದಾರಿಯುದ್ದಕ್ಕೂ ಬೈದ. ಎರಡು ಗಂಟೆ ಕಾಲ ಬೆಂಕಿಗೆ ಜಗ್ಗುವುದಿಲ್ಲವೆಂದು ಅದರ ಬಾಗಿಲಿನ ತಗಡಿನ ಮೇಲೆ ಬರೆದಿತ್ತು. ನೀರನ್ನು ಬೆಂಕಿಯಿಂದ ಯಾಕೆ ಕಾಪಾಡಬೇಕು ಎಂದು ಕೇಳಿದ ಮೃಣಾಲಿನಿಯನ್ನು ಹೋಂವರ್ಕ್ ಮಾಡಲು ಕಳಿಸಲಾಯಿತು. ಒಳಗಿನ ಹಲಗೆ ತೆಗೆದಾಗ, ಮತ್ತೆ ತುಂಬಿಸಿದ ಎಂಟು ಕ್ಯಾನೂ ಹಿಡಿಸಿದವು. ಬೀರುವಿನ ಹೆಚ್ಚುಗಾರಿಕೆ ಅದರ ಜೋಡಿ ಬೀಗ: ಎರಡು ಬೇರೆ ಬೇರೆ ಬೀಗದ ಕೈಗಳನ್ನು ಹಾಕಿ ತಿರುಗಿಸಿದರೆ ಮಾತ್ರ ತೆಗೆಯುತ್ತಿತ್ತು.

ಇಲ್ಲಿ ಇಂದುಧರನೊಳಗಿನ ಬ್ಯಾಂಕು ಎದ್ದು ಕೂತಿತು. ಹದಿನೆಂಟು ವರ್ಷದ ನೌಕರಿಯಲ್ಲಿ ಅವನು ವೇದಕ್ಕಿಂತ ಹೆಚ್ಚು ನಂಬಿದ ಸೂತ್ರವೊಂದಿದ್ದರೆ ಅದು ಇದು: ಎರಡು ಬೀಗದ ಕೈ ಒಬ್ಬನ ಹತ್ತಿರ ಇರಬಾರದು, ಒಂದೇ ಸೂರಿನ ಕೆಳಗೂ ಇರಬಾರದು. ಒಂದು ಕೈ ಜನಿವಾರಕ್ಕೆ ಸೇರಿತು. ಇನ್ನೊಂದು ವೇದವತಿಗೆ ಸಿಗಬೇಕಿತ್ತು. ಆದರೆ ಸೂರು ಒಂದೇ. ಹಾಗಾಗಿ ಶಾಖೆಯ ಖಜಾನೆಗೆ ತನ್ನ ಜೊತೆ ಎರಡನೆಯ ಕೈ ಇಟ್ಟುಕೊಂಡಿರುವ ಹೆಡ್ ಕ್ಯಾಷಿಯರ್ ಕಾಮೇಶ್ವರನಿಗೇ ನೀರಿನ ಕೈಯನ್ನೂ ಒಪ್ಪಿಸಿದ. ಕಾಮೇಶ್ವರ ಅದನ್ನು ಎರಡೂ ಅಂಗೈಯಲ್ಲಿ ತೀರ್ಥದಂತೆ ತೆಗೆದುಕೊಂಡ. ಅವನ ಮನೆ ಪೆಂಡುರ್ತಿಯಲ್ಲಿ, ಊರಿನ ಇನ್ನೊಂದು ಕೊನೆಗೆ, ಎರಡು ಬಸ್ಸಿನ ದಾರಿ. ಅಷ್ಟು ದೂರವಾದದ್ದೇ ಒಳ್ಳೆಯದು ಎಂದ ಇಂದುಧರ. ಭದ್ರತೆ ಅಂದರೆ ಅದೇ ಅಲ್ಲವೇ?

ತಿಂಗಳಿಗೊಮ್ಮೆ, ಭಾನುವಾರ, ಕಾಮೇಶ್ವರ ಬಂದು ಇಬ್ಬರೂ ಬೀರು ತೆಗೆದು ನೀರು ಬದಲಿಸಬೇಕೆಂದು ನಿಯಮ. ಎರಡು ತಿಂಗಳು ನಡೆಯಿತು. ಆಮೇಲೆ ಮಳೆಗಾಲ, ಕಾಮೇಶ್ವರನ ತಂಗಿಯ ಮದುವೆ, ಅರ್ಧವಾರ್ಷಿಕ ಮುಕ್ತಾಯ. ಕೊನೆಗೆ ತಪಾಸಣೆ ಬ್ಯಾಂಕಿನಲ್ಲೇ ಚಹಾದ ಹೊತ್ತಿಗೆ ನಡೆಯತೊಡಗಿತು. "ಸಾರ್, ನೀಳ್ಳು?" ಎಂದು ಅವನು ನೀರನ್ನು ವಿಚಾರಿಸುವನು, "ಇದೆ" ಎಂದು ಇವನು ಹೇಳುವನು, ಇಬ್ಬರೂ ಒಂದು ನೋಟ್‌ಬುಕ್ಕಿನಲ್ಲಿ ಸಹಿ ಹಾಕುವರು.

ಮನೆಯಲ್ಲಿ ಈ ಏರ್ಪಾಡನ್ನು ಪೂರ್ತಿ ನಂಬಿದವರು ಮಂಗಳಾಗೌರಿ ಒಬ್ಬರೇ. ಎದುರುಮನೆಯ ದುರ್ಗಾಂಬನವರ ಜಗುಲಿಯಲ್ಲಿ ಕೂತು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ಜನ ಬಂಗಾರ ಇಡುವ ಕಡೆ ತನ್ನ ಮಗ ನೀರಿಟ್ಟಿದ್ದಾನೆ ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಅವರಿಗೆ ಕಾಫಿ ರುಚಿಸುತ್ತಿರಲಿಲ್ಲ.

ಮಾರನೆಯ ವರ್ಷ ಕಾರ್ತಿಕದಲ್ಲಿ, ಒಂದು ಸೋಮವಾರ ಬೆಳಿಗ್ಗೆಯಿಂದಲೇ ರೇಡಿಯೋ ತುಫಾನಿನ ಎಚ್ಚರಿಕೆ ಕೊಡತೊಡಗಿತು. ಬೀದಿಯವರೆಲ್ಲ ನಲ್ಲಿಗೆ ಮುತ್ತಿಕೊಂಡರು. ದುರ್ಗಾಂಬ ಕೊಡ, ಕೊಳಗ, ಬಕೆಟ್ಟು ತುಂಬಿಸಿ, ಸಾಲದೆ ಇಡ್ಲಿ ಪಾತ್ರೆ, ಕುಕ್ಕರು, ಮಕ್ಕಳ ಸ್ಕೂಲ್ ಬಾಟಲಿಗಳನ್ನೂ ಬಿಡಲಿಲ್ಲ. ಸೆರಗು ಸಿಕ್ಕಿಸಿ ಹೊರಟ ವೇದವತಿಯನ್ನು ಇಂದುಧರ ಹೊಸಿಲಲ್ಲೇ ತಡೆದ. ವ್ಯವಸ್ಥೆ ಇಲ್ಲದವರು ಗಾಬರಿಯಾಗುತ್ತಾರೆ, ಅದು ಸಹಜ. ವ್ಯವಸ್ಥೆ ಇರುವವರು ಅವರಿಗೆ ನಲ್ಲಿ ಬಿಟ್ಟುಕೊಡಬೇಕು ಎಂದು, ಕಾಂಪೌಂಡಿನ ಆಚೆಗೂ ಕೇಳುವಂತೆ, ಪುಟ್ಟ ಭಾಷಣ ಮಾಡಿದ. ಅವನು ಬ್ಯಾಂಕಿಗೆ ಹೋದ ಮೇಲೆ ವೇದವತಿ ಒಂದು ಬಿಂದಿಗೆ ತುಂಬಿಸಿಕೊಂಡಳು. ಅಷ್ಟರಲ್ಲಿ ನಲ್ಲಿ ನಿಂತಿತು.

ಬ್ಯಾಂಕು ಮಧ್ಯಾಹ್ನಕ್ಕೇ ಮುಚ್ಚಿತು. ಸಂಜೆ ಗಾಳಿ ಎದ್ದು, ಎದುರುಮನೆಯ ಕೋಳಿಗೂಡಿನ ತಗಡು ಇವರ ಕಿಟಕಿಯ ಮುಂದೆ ಪಟದ ಹಾಗೆ ಹಾರಿಹೋದದ್ದನ್ನು ನೋಡುತ್ತಿದ್ದಾಗ ಇಂದುಧರನ ಕೈ ತಾನಾಗಿ ಜನಿವಾರಕ್ಕೆ ಹೋಯಿತು. ಅಲ್ಲಿ ಇದ್ದದ್ದು ಒಂದೇ ಕೈ.

ಅವನು ಅದನ್ನು ಯಾರಿಗೂ ಹೇಳಲಿಲ್ಲ. ಟೆಲಿಫೋನು ಸತ್ತಿತ್ತು, ಕರೆಂಟೂ ಸತ್ತಿತ್ತು. ಮಂಗಳವಾರವೆಲ್ಲ ಹೊರಗೆ ಪಾತ್ರೆ ಇಟ್ಟರೆ ಪಾತ್ರೆಯೇ ಹಾರಿಹೋಗುವಂಥ ಗಾಳಿ. ನಾಲಿಗೆಗೆ ತಾಗಿದ ಮಳೆಹನಿಯೂ ಉಪ್ಪು. ಬುಧವಾರ ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಬಿಸಿಲು ಬಿತ್ತು. ಮರಗಳು ರಸ್ತೆಗೆ ಅಡ್ಡ ಮಲಗಿದ್ದವು, ಬಸ್ಸಿಲ್ಲ, ಪಂಪು ಓಡದೆ ನಲ್ಲಿಯೂ ಇಲ್ಲ. ವೇದವತಿಯ ಬಿಂದಿಗೆಯ ತಳ ಕಂಡಿತು. ಆಗ ಇಂದುಧರ ಎರಡನೆಯ ಕೈಯನ್ನು ಕಾಮೇಶ್ವರನಿಂದ ತರಿಸಿಕೊಂಡಿಲ್ಲವೆಂದು ಬಾಯಿಬಿಟ್ಟ. ವೇದವತಿ ಬಿಂದಿಗೆಯನ್ನು ಬೋರಲು ಹಾಕಿದಳು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

"ಅಪ್ಪಾ, ದುರ್ಗಾಂಬ ಆಂಟಿ ವಾಳ್ಳ ಮನೇಲಿ ಚಾಲಾ ನೀರಿದೆ," ಎಂದಳು ಮೃಣಾಲಿನಿ. 'ತುಂಬಾ' ಹೋಗಿ 'ಚಾಲಾ' ಬರುವಷ್ಟು ಅವಳ ಕನ್ನಡಕ್ಕೆ ಆಗಲೇ ತೆಲುಗಿನ ಒಗ್ಗರಣೆ ಬಿದ್ದಿತ್ತು.

ಹುಡುಗಿಗೆ ಅಲ್ಲೇ ಕುಡಿಯಲು ಹೇಳಿ ಕಳಿಸಿದ್ದಾಯಿತು. ವೇದವತಿಯೂ ಹೋಗಿ ಬಂದಳು. ಮಂಗಳಾಗೌರಿ ಮಾತ್ರ ಕೂತಲ್ಲಿಂದ ಏಳಲಿಲ್ಲ. ತನಗೆ ಇವತ್ತು ಏಕಾದಶಿ, ನೀರೂ ಮುಟ್ಟುವುದಿಲ್ಲ ಎಂದರು.

ವೇದವತಿ ಗಂಡನನ್ನು ಅಡುಗೆಮನೆಗೆ ಕರೆದಳು. "ಏಕಾದಶಿ ಆಗಿ ನಾಲ್ಕು ದಿನ ಆಯ್ತು. ನಿನ್ನೆ ತಮ್ಮ ಪಾಲಿಂದನ್ನೂ ಮಗೂಗೆ ಕುಡಿಸಿದಾರೆ. ಎದುರುಮನೆಯಿಂದ ತಂದುಕೊಡ್ತೀನಿ ಅಂದ್ರೆ, 'ನನ್ನ ಮಗ ಅಷ್ಟು ನೀರಿಟ್ಟಿರುವಾಗ ನಾನು ಅವರ ಮುಂದೆ ಲೋಟ ಹಿಡೀಲಾ' ಅಂತಾರೆ. ಎಪ್ಪತ್ತೊಂದು ವರ್ಷದ ಜೀವ, ನಿಮ್ಮ ಮರ್ಯಾದೆ ಕಾಯ್ತಾ ಒಣಗ್ತಿದೆ. ಏನ್ ಮಾಡ್ತೀರೋ ಮಾಡಿ."

ಇಂದುಧರ ಹಿತ್ತಲಿನಿಂದ ಸೈಕಲ್ಲು ತೆಗೆದ.

ಬಿದ್ದ ಮರಗಳ ಮೇಲೆ ಸೈಕಲ್ಲನ್ನು ಎತ್ತಿ ದಾಟಿಸುತ್ತ, ಅಲ್ಲಲ್ಲಿ ಸೈಕಲ್ಲೇ ತನ್ನನ್ನು ದಾಟಿಸಿದಂತೆ ಬೀಳುತ್ತ, ಅವನು ಪೆಂಡುರ್ತಿ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಕಾಮೇಶ್ವರನ ಹೆಂಡತಿ ರಾಜ್ಯಲಕ್ಷ್ಮಿ ಹಿತ್ತಲಿನ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಬೇಕಾದಾಗ ಸೇದುತ್ತಾಳೆ, ಬೇಡವಾದಾಗ ಬಿಡುತ್ತಾಳೆ. ಅಷ್ಟೇ ಅವಳ ವ್ಯವಸ್ಥೆ. ಅವಳು ಕೊಟ್ಟ ಸಿಹಿನೀರನ್ನು ಇಂದುಧರ ಚೊಂಬೆತ್ತಿ ಕುಡಿದ. ಅರ್ಧ ಕುಡಿದಾಗ ತಾಯಿಯ ನೆನಪಾಗಿ ಚೊಂಬು ಕೆಳಗಿಳಿಸಿದ. ಉಳಿದರ್ಧವನ್ನೂ ಕುಡಿದ, ಬಾಯಾರಿಕೆಗೆ ನಾಚಿಕೆಯಿಲ್ಲ. ಸೈಕಲ್ಲಿಗೆ ಒಂದು ಕೊಡ ಕಟ್ಟಿಕೊಡಲೇ ಎಂದು ಅವಳು ಕೇಳಿದಳು. ಮನೆಯಲ್ಲಿ ನೂರ ಅರವತ್ತು ಲೀಟರು ಇಟ್ಟುಕೊಂಡಿರುವವನು ಏನೆಂದು ಒಪ್ಪಿಕೊಳ್ಳಬೇಕು? ಬೇಡವೆಂದ.

ಕಾಮೇಶ್ವರ ಬೀಗದ ಕೈಯನ್ನು ದೇವರ ಗೂಡಿನಲ್ಲಿ ಸಿಂಹಾಚಲದ ಅಪ್ಪನ್ನನ ಪಟದ ಪಕ್ಕ ನೇತುಹಾಕಿದ್ದ. ಅದಕ್ಕೂ ದಿನಾ ಕುಂಕುಮ ಬೀಳುತ್ತಿತ್ತು. ಅದನ್ನು ತಂದವನು ಇಂದುಧರ ಚಾಚಿದ ಕೈಯಲ್ಲಿ ಇಡಲಿಲ್ಲ.

"ಎರಡು ಕೈ ಒಬ್ಬರ ಹತ್ರ ಇರಬಾರದು. ಮೀರೇ ಕದಾ ಸಾರ್, ನೀವೇ ಅಲ್ವಾ ಹೇಳಿದ್ದು," ಎಂದ, ಬಹಳ ವಿನಯದಿಂದ.

ಅದರಲ್ಲಿ ವ್ಯಂಗ್ಯವಿಲ್ಲವೆಂದು ಇಂದುಧರನಿಗೆ ಗೊತ್ತಿತ್ತು. ಅದೇ ಹೆಚ್ಚು ನೋಯಿಸಿತು. ಕಾಮೇಶ್ವರ ತಾನೂ ಸೈಕಲ್ಲು ಹತ್ತಿದ. ಎರಡು ಕೈ ಜೊತೆಯಲ್ಲಿ ಪ್ರಯಾಣ ಮಾಡಬಾರದೆಂಬ ನಿಯಮವೂ ಅವನಿಗೆ ನೆನಪಿದ್ದರಿಂದ ದಾರಿಯುದ್ದಕ್ಕೂ ಇಪ್ಪತ್ತು ಮಾರು ಹಿಂದೆಯೇ ಬಂದ. ಎನ್‌ಎಡಿ ಕೊತ್ತರೋಡು ಎಂಬ ಕೂಡುರಸ್ತೆಯ ಹತ್ತಿರ ಇಂದುಧರ ಸುಸ್ತಾಗಿ ಒಂದು ಕಲ್ಲಿನ ಮೇಲೆ ಕೂತರೆ, ಅವನೂ ಇಪ್ಪತ್ತು ಮಾರು ಆಚೆ ಇನ್ನೊಂದು ಕಲ್ಲು ಹುಡುಕಿಕೊಂಡು ಕೂತ.

ಇಬ್ಬರೂ ಮನೆ ಸೇರಿದಾಗ ಬಿಸಿಲು ಇಳಿಯುತ್ತಿತ್ತು. ಸುದ್ದಿ ಹೇಗೆ ಹಬ್ಬಿತೋ, ಅರ್ಧ ಬೀದಿ ನಡುಮನೆಯಲ್ಲಿತ್ತು. ದುರ್ಗಾಂಬನವರೂ ಬಂದಿದ್ದರು. ಮಂಗಳಾಗೌರಿ ಗೋಡೆಗೊರಗಿ ಕೂತಿದ್ದರು. ಮಗನನ್ನು ಕಂಡು ನಕ್ಕರು, ತುಟಿಗಳು ಒಂದಕ್ಕೊಂದು ಅಂಟಿಕೊಂಡು ನಗೆ ಅರ್ಧಕ್ಕೇ ನಿಂತಿತು. ಆದರೂ ದುರ್ಗಾಂಬನ ಕಡೆ ತಿರುಗಿ, ಈಗ ನೋಡಿ ಎಂಬಂತೆ ಬೀರುವಿನತ್ತ ಕಣ್ಣು ಮಾಡಿದರು.

ಇಂದುಧರ ತನ್ನ ಕೈ ಹಾಕಿದ. ಕಾಮೇಶ್ವರ ಕಣ್ಣು ಮುಚ್ಚಿ ನಮಸ್ಕರಿಸಿ ತನ್ನದನ್ನು ಹಾಕಿದ. ಇಬ್ಬರೂ ತಿರುಗಿಸಿದರು. ಏನೂ ತಿರುಗಲಿಲ್ಲ.

ಮತ್ತೆ ತಿರುಗಿಸಿದರು. ಇಂದುಧರನ ಕೈ ಅಲುಗಲಿಲ್ಲ. ಕಾಮೇಶ್ವರನದು ಅಲುಗಿ, ಬೀಗದಿಂದ ಕೆಂಪು ಪುಡಿ ಉದುರಿತು. ವರ್ಷದುದ್ದಕ್ಕೂ ಸಮುದ್ರದ ಉಪ್ಪುಗಾಳಿ ಕುಡಿದ ಬೀಗ ಒಳಗೊಳಗೇ ತುಕ್ಕು ಹಿಡಿದು ಮುದ್ದೆಯಾಗಿತ್ತು. ಹೊಸದುರ್ಗದಲ್ಲಿ ಕಬ್ಬಿಣಕ್ಕೆ ಇಂಥ ರೋಗ ಬರುವುದನ್ನು ಇಂದುಧರ ಕಂಡವನಲ್ಲ. ಯಾರೋ ಕೊಬ್ಬರಿ ಎಣ್ಣೆ ಬಿಟ್ಟರು. ಇನ್ಯಾರೋ ಒನಕೆಯಂಥ ಕಬ್ಬಿಣದ ಸಲಾಕೆ ತಂದು ಗುದ್ದಿದರು. ಎರಡು ಗಂಟೆಯ ಬೆಂಕಿಗೆ ಜಗ್ಗದ ಬೀರು ಇವರಿಗೆ ಜಗ್ಗೀತೇ? ಸಲಾಕೆ ಬಾಗಿತು.

"ಬ್ಯಾಂಕಿನ ಮೆಕ್ಯಾನಿಕ್ ಬರಬೇಕು ಸಾರ್. ಮದ್ರಾಸಿನಿಂದ," ಎಂದ ಕಾಮೇಶ್ವರ.

ಉಕ್ಕಿನ ಆಚೆ, ಒಂದು ಗೇಣು ದೂರದಲ್ಲಿ, ಕುದಿಸಿ ಆರಿಸಿದ ಎಂಟು ಕ್ಯಾನು ನೀರು. ಈಚೆ, ಗೋಡೆಗೊರಗಿದ ತಾಯಿ. ಅವರು ಈಗಲೂ ಬಾಗಿಲು ತೆಗೆದೇ ತೆಗೆಯುತ್ತದೆ ಎಂಬಂತೆ ಅದನ್ನೇ ನೋಡುತ್ತಿದ್ದರು. ದುರ್ಗಾಂಬ ಏನೋ ಹೇಳಲು ಬಾಯಿ ತೆರೆದು, ಮಂಗಳಾಗೌರಿಯ ಮುಖ ನೋಡಿ ಮುಚ್ಚಿಕೊಂಡರು. ತಾವಾಗಿ ಕೊಟ್ಟರೆ ಈ ಹೆಂಗಸು ಕುಡಿಯುವುದಿಲ್ಲವೆಂದು ಅವರಿಗೂ ತಿಳಿದಿತ್ತು.

ಇಂದುಧರ ಅಡುಗೆಮನೆಗೆ ಹೋದ. ಖಾಲಿ ಬಿಂದಿಗೆಯನ್ನು ತೆಗೆದುಕೊಂಡು ಬಂದು, ಅಷ್ಟೂ ಜನರ ನಡುವೆ, ದುರ್ಗಾಂಬನ ಮುಂದೆ ನಿಂತ. ಬ್ಯಾಂಕಿನಲ್ಲಿ ಗಿರಾಕಿಗಳನ್ನು ಗದರಿಸಲು ಸಾಕಾಗುತ್ತಿದ್ದ ತೆಲುಗು ಕೇಳಿಕೊಳ್ಳಲು ಸಾಕಾಗಲಿಲ್ಲ.

"ದುರ್ಗಾಂಬಗಾರು," ಎಂದ. "ನಮ್ಮ ಮನೇಲಿ ನೀರಿಲ್ಲ. ಸ್ವಲ್ಪ ಕೊಡಬೇಕು."

ದುರ್ಗಾಂಬ ಬಿಂದಿಗೆಯನ್ನು ನೋಡಿ, ಇಷ್ಟು ಚಿಕ್ಕದೇಕೆ ತಂದಿರಿ ಎಂದರು.

ಅವನೇ ತುಂಬಿಸಿಕೊಂಡು ಭುಜದ ಮೇಲಿಟ್ಟು ಬೀದಿ ದಾಟಿ ಬಂದ. ಅರ್ಧ ನೀರು ಅಂಗಿಗೆ, ಅರ್ಧ ಮನೆಗೆ. ಲೋಟಕ್ಕೆ ಬಗ್ಗಿಸಿ ತಾಯಿಯ ಕೈಗೆ ಕೊಟ್ಟ.

"ತೆಗೀತಾ?" ಎಂದರು ಮಂಗಳಾಗೌರಿ.

"ಇಲ್ಲಮ್ಮ. ಎದುರುಮನೇದು. ನಾನೇ ಕೇಳಿ ತಂದೆ."

ಅವರು ಲೋಟವನ್ನು ನೋಡಿದರು, ಮಗನ ಒದ್ದೆ ಅಂಗಿಯನ್ನು ನೋಡಿದರು. "ನೀನೇ ಕೇಳಿದ ಮೇಲೆ ಇನ್ನು ನಂದೇನಿದೆ," ಎಂದು ಗಟಗಟನೆ ಕುಡಿದರು. ಇನ್ನೊಂದು ಲೋಟ ಕುಡಿದರು. ಮೂರನೆಯದನ್ನು ಅರ್ಧ ಕುಡಿದು ಉಸಿರು ಬಿಟ್ಟು, "ಅನ್ನಕ್ಕೆ ಇಡಬೇಕಲ್ಲೋ ಇಂದೂ. ಕಾಮೇಶ್ವರನೂ ಉಣ್ಣಬೇಕು. ಇದು ಎಲ್ಲಿ ಸಾಲುತ್ತೆ? ಹೋಗು, ಇನ್ನೊಂದು ಸಲ ತಾ," ಎಂದರು.

ಇಂದುಧರ ಹೋದ. ಎರಡನೆಯ ಸಲ ಅಷ್ಟೇನೂ ಕಷ್ಟವಾಗಲಿಲ್ಲ. ಮೂರನೆಯ ಸಲಕ್ಕೆ ದುರ್ಗಾಂಬ ಅವನನ್ನು ಗೇಟಿನ ಹತ್ತಿರ ನಿಲ್ಲಿಸಿ, ಕುಡಿಯುವ ನೀರು ಇಡುವುದು ಹೇಗೆ ಎಂಬುದನ್ನು ಮೊದಲಿನಿಂದ ವಿವರಿಸಿದರು: ಮುಚ್ಚಳ ಸಾಕು, ಬೀಗ ಬೇಡ, ಕೈಗೆ ಎಟುಕುವಲ್ಲಿ ಇಡಬೇಕು, ಹಳೆಯದನ್ನು ಗಿಡಕ್ಕೆ ಹಾಕಿ ಹೊಸದು ತುಂಬಬೇಕು, ರೇಡಿಯೋ ಹೇಳಿದ ದಿನ ಯಾರ ಮಾತೂ ಕೇಳಬಾರದು. ಬಹಳ ಹೊತ್ತು ಹೇಳಿದರು. ಭುಜದ ಮೇಲೆ ತುಂಬಿದ ಬಿಂದಿಗೆ ಇದ್ದುದರಿಂದ ಇಂದುಧರನಿಗೆ ತಲೆಯಾಡಿಸಲೂ ಆಗಲಿಲ್ಲ.