ಗೊಂಬೆಹಲಗೆಯ ಅಳತೆಗೆ ಮಾಡಿದ ಕೊಳ

ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ, ಎಲ್ಲಕ್ಕಿಂತ ಕೆಳಗಿನ ಹಲಗೆಯ ಮೇಲೆ ಒಂದು ಕೊಳ ಇರುವುದನ್ನು ನೀವೂ ನೋಡಿರುತ್ತೀರಿ: ಮಲಗಿಸಿದ ಕನ್ನಡಿ, ಅದರ ಅಂಚಿಗೆ ಮರಳು, ಮೊಳಕೆ ಬಂದ ರಾಗಿಯ ಪೈರು, ಒಂದು ಜೊತೆ ಬೆಂಡಿನ ಬಾತುಕೋಳಿ. ನಮ್ಮ ಮನೆಯಲ್ಲೂ ಬಹಳ ವರ್ಷ ಅಂಥದೇ ಕೊಳವಿತ್ತು. ಕನ್ನಡಿಯ ಕೊಳದಲ್ಲಿ ಒಂದು ಅನುಕೂಲವುಂಟು. ಅದನ್ನು ಎಷ್ಟು ಚಿಕ್ಕದಾಗಿ ಕತ್ತರಿಸಿದರೂ ಯಾರಿಗೂ ನೋವಾಗುವುದಿಲ್ಲ.

ನನ್ನದು ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಹೈಸ್ಕೂಲು ಮುಗಿಸಿ ಅಪ್ಪನ ಜಾಗದಲ್ಲಿ ಕೂತವನು. ಬಂದ ಪಟಕ್ಕೆ ತಕ್ಕಂತೆ ಗಾಜು ಕತ್ತರಿಸಿ ಬದುಕಿದವನಿಗೆ, ಒಳಗಿರುವುದು ನಾಳೆ ಬೆಳೆದೀತು, ಹೊರಳೀತು ಎಂದು ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಆಗ ಪರದೇಶದ ಮೀನೊಂದು ನಮ್ಮ ಕೆರೆಗಳಿಗೆ ಹೊಸದಾಗಿ ಬಂದಿತ್ತು. ತಿಲಾಪಿಯಾ ಎಂದು ಅದರ ಹೆಸರು. ನಮ್ಮ ಜನ ಜಿಲೇಬಿ ಎಂದು ಕರೆದು ತಮ್ಮದಾಗಿಸಿಕೊಂಡರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿದ್ದ ನನ್ನ ತಂಗಿ ಪದ್ಮ, ಹಿನಕಲ್ಲಿನ ನೆಂಟರು ತಂದುಕೊಟ್ಟ ಬೆರಳುದ್ದದ ಮರಿಗಳನ್ನು ಹಿತ್ತಲಿನ ಸಿಮೆಂಟಿನ ತೊಟ್ಟಿಯಲ್ಲಿ ಸಾಕಿದಳು. ಉಳಿದದ್ದು ಒಂದು ಗಂಡು, ಒಂದು ಹೆಣ್ಣು; ಅಂಗೈಯನ್ನು ಮೀರಿ ಬೆಳೆದವು. ಈ ಜಾತಿಯಲ್ಲಿ ತಾಯಿ ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು ಮರಿಮಾಡುತ್ತದೆ, ಅಷ್ಟು ದಿನವೂ ಏನನ್ನೂ ತಿನ್ನದೆ ಇರುತ್ತದೆ. ಕೆಲಸವೆಲ್ಲ ಮುಗಿದ ಮೇಲೆ ಪದ್ಮ ತೊಟ್ಟಿಯ ಕಟ್ಟೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಮನೆಯಲ್ಲಿ ಅವಳದು ಎನ್ನುವಂಥದ್ದು ಅದೊಂದೇ.

ಆ ವರ್ಷ ನನಗೆ ಜೀವಂತ ಕೊಳದ ಹುಚ್ಚು ಹಿಡಿಯಿತು. ಹಲಗೆಯ ಉದ್ದಗಲ ಅಳೆದು, ಕಬ್ಬಿಣದ ಚೌಕಟ್ಟು ಮಾಡಿಸಿ, ಗಾಜು ಕೂರಿಸಿ, ತಳಕ್ಕೆ ಮರಳು ಹಾಸಿ, ಅವಳ ಮೀನುಗಳನ್ನು ತಂದು ಬಿಟ್ಟೆ. ಹೆಣ್ಣಿನ ಬಾಯಲ್ಲಿ ಮೊಟ್ಟೆಯಿದೆ, ಗಂಡು ಅಟ್ಟಿಸಿಕೊಂಡು ಬಂದರೆ ತೊಟ್ಟಿಯಲ್ಲಾದರೆ ಕಲ್ಲಿನ ಮರೆಗೆ ಹೋಗುತ್ತದೆ, ಇಲ್ಲಿ ಎಲ್ಲಿಗೆ ಹೋದೀತು ಎಂದು ಪದ್ಮ ಅಳುಕುತ್ತಲೇ ಕೇಳಿದಳು. ಹಬ್ಬ ಮುಗಿಯುವವರೆಗೆ ತಾನೆ ಎಂದೆ.

ಊರೆಲ್ಲ ನೋಡಲು ಬಂತು. ಎದುರುಮನೆಯ ಪುಟ್ಟಮ್ಮನವರು, “ಜಿಲೇಬಿ ಜಿಲೇಬಿ ಅಂತೀರಲ್ಲ, ನಮ್ಮ ಎಲೆಗೆ ಯಾವಾಗ ಬಡಿಸ್ತೀರಿ?” ಎಂದರು; ಎಲ್ಲರೂ ನಕ್ಕರು. ಗಂಡು ಆ ನೀರನ್ನೆಲ್ಲ ತನ್ನದೆಂದು ಹಿಡಿದು ಹೆಣ್ಣನ್ನು ಮೂಲೆಗೆ ಗುದ್ದುತ್ತಿದ್ದುದನ್ನು ಮಕ್ಕಳು ಆಟವೆಂದುಕೊಂಡರು. ಮೀನು ಯಾರದೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅರಿಶಿನ ಕುಂಕುಮದ ಹೊತ್ತಿಗೆ ಪದ್ಮ ಹಜಾರಕ್ಕೆ ಬರುವಂತಿರಲಿಲ್ಲ. ಬರಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹಾಗೆ ನಡೆದುಬಂದಿತ್ತು, ನಡೆಯಲೆಂದು ನಾನೂ ಬಿಟ್ಟಿದ್ದೆ.

ಸರಸ್ವತಿ ಪೂಜೆಯ ಸಂಜೆ ಹಜಾರ ಹೆಂಗಸರಿಂದ ತುಂಬಿರುವಾಗ ಅವಳು ಕೈಯಲ್ಲಿ ಬಿಂದಿಗೆ ಹಿಡಿದು ಬಾಗಿಲಲ್ಲಿ ನಿಂತಳು.

“ಅಣ್ಣ, ಅದನ್ನ ತೆಗೆದುಬುಡ್ತೀನಿ. ಇಲ್ಲೇ ಇದ್ರೆ ಸತ್ತೋಯ್ತದೆ.”

ಈ ಹೊತ್ತಿನಲ್ಲಿ ಇವಳ್ಯಾಕೆ ಬಂದಳೋ ಎಂದು ಯಾರೋ ಮೆಲ್ಲಗೆ ಅಂದದ್ದು ನನಗೂ ಕೇಳಿಸಿತು, ಅವಳಿಗೂ ಕೇಳಿಸಿತು.

“ಒಳಗೆ ಹೋಗು ಪದ್ಮ,” ಎಂದೆ. “ಬಂದವರ ಮುಂದೆ ಬೇಡ.”

ಅವಳು ಹೋದಳು. ಬೆಳಗ್ಗೆ ಹೆಣ್ಣುಮೀನು ಬಾಯಿ ತೆರೆದುಕೊಂಡು ತೇಲುತ್ತಿತ್ತು. ಹಳದಿ ಮೊಟ್ಟೆಗಳು ಮರಳಿನ ಮೇಲೆ ಚೆಲ್ಲಿದ್ದವು. ಪದ್ಮ ಅಳಲಿಲ್ಲ. ಗಂಡುಮೀನನ್ನು ಹಿತ್ತಲಿನ ತೊಟ್ಟಿಗೆ ಬಿಟ್ಟು ಬಂದು ಒಲೆ ಹಚ್ಚಿದಳು.

ದೊಡ್ಡ ಮೀನು ಸಾಕುವವರು ಕೇಳಿದರೆ ಇಂದು ನಾನು ಹೇಳಬಲ್ಲೆ: ತಂದ ದಿನದ ಗಾತ್ರ ನೋಡಿ ತೊಟ್ಟಿ ಮಾಡಿಸಬೇಡಿ, ಬೆಳೆದು ಆಗುವ ಗಾತ್ರ ನೋಡಿ; ಉದ್ದವಿದ್ದರೆ ಸಾಲದು, ಬಾಲ ತಾಗದೆ ತಿರುಗುವಷ್ಟು ಅಗಲ ಬೇಕು; ಬಲವಿರುವುದರ ಕಣ್ಣಿಗೆ ಬೀಳದಂತೆ ಬಲವಿಲ್ಲದ್ದು ಸರಿದು ನಿಲ್ಲಲು ಒಂದು ಮರೆ ಬೇಕು. ಇದನ್ನು ಅರಿಯಲು ವಿದ್ಯೆ ಬೇಕಿರಲಿಲ್ಲ. ನೋಡುವವರ ಕಡೆಯಿಂದ ಅಳೆಯದೆ ಒಳಗಿರುವುದರ ಕಡೆಯಿಂದ ಅಳೆಯುವ ಮನಸ್ಸು ಬೇಕಿತ್ತು. ಅಡುಗೆಮನೆಯಿಂದ ಹಿತ್ತಲಿನವರೆಗೆ ತಂಗಿಗೆ ಜಾಗ ಅಳೆದುಕೊಟ್ಟು, ಅನ್ನ ಬಟ್ಟೆಗೆ ಕೊರತೆಯಿಲ್ಲವಲ್ಲ ಎಂದು ನೆಮ್ಮದಿಯಾಗಿದ್ದವನು ನಾನು. ಮೀನು ಸಾಯದಿದ್ದರೆ ಆ ನೆಮ್ಮದಿ ಇನ್ನೆಷ್ಟು ಕಾಲ ಇರುತ್ತಿತ್ತೋ.

ಪ್ರಾಯಶ್ಚಿತ್ತವೆಂದು ಮೊದಲಿನದರ ಎರಡರಷ್ಟು ದೊಡ್ಡ ಗಾಜಿನ ತೊಟ್ಟಿ ಮಾಡಿ ಹಿತ್ತಲಿಗೆ ತಂದಿಟ್ಟೆ. ಅವಳು ಅದನ್ನು ಒಂದು ಸುತ್ತು ಬಂದು ನೋಡಿದಳು. ಸಾಲದಿದ್ದರೆ ಇನ್ನೂ ದೊಡ್ಡದು ಮಾಡುತ್ತೇನೆ ಎಂದೆ.

“ಎಷ್ಟು ದೊಡ್ಡದು ಮಾಡಿದ್ರೂ ಅಳತೆ ನಿಂದೇ ಅಲ್ವೇನಣ್ಣ?” ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇಂದಿಗೂ ಕೇಳಿಸುತ್ತದೆ.

ಮರುದಿನ ಹಾಡಹಗಲಲ್ಲಿ, ಉಳಿದ ಮೀನನ್ನು ಬಿಂದಿಗೆಯಲ್ಲಿಟ್ಟುಕೊಂಡು ಕುಕ್ಕರಹಳ್ಳಿ ಕೆರೆಗೆ ಹೊರಟಳು. ನಾನು ಹಿಂದೆ ನಡೆದೆ. ಮೀನು ನೀರಿಗಿಳಿದು ಕಾಣದಾಯಿತು. ಅವಳು ಏರಿಯ ಮೇಲೆ ಕೂತು, ನೀನು ಹೋಗಿರು, ನಾನು ಆಮೇಲೆ ಬರುತ್ತೇನೆ ಎಂದಳು. ನಮ್ಮ ಮನೆ ಸೇರಿದ ಮೇಲೆ ಅವಳು ಹಾಗೆ ಹೇಳಿದ್ದು ಅದೇ ಮೊದಲು. ಎಷ್ಟು ಹೊತ್ತಿಗೆ ಬರ್ತೀಯ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಕೇಳಲಿಲ್ಲ. ಒಬ್ಬನೇ ಮನೆಗೆ ಬಂದೆ.