ಅಕ್ಕನ ಕಾಲಿನ ಮೀನು

ನಾವೆಲ್ಲ ಮೈಯೊಳಗೆ ಇಲಿ ಸಾಕಿಕೊಂಡಿದ್ದೇವೆ ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ‘ಮಸಲ್’ ಎಂಬ ಮಾತಿನ ಮೂಲಾರ್ಥ ಅದೇ. ತೋಳು ಮಡಿಸಿದಾಗ ಚರ್ಮದಡಿ ಏನೋ ಪುಟ್ಟದು ಓಡಿದಂತೆ ಕಂಡು, ಲ್ಯಾಟಿನ್ ಆಡುತ್ತಿದ್ದವರು ಅದನ್ನು ‘ಮುಸ್ಕುಲುಸ್’, ಅಂದರೆ ಮರಿಯಿಲಿ, ಎಂದರಂತೆ. ನಮ್ಮ ಮೂಷಿಕ ಅದಕ್ಕೆ ದೂರದ ದಾಯಾದಿ. ಪದಗಳ ಕುಲಗೋತ್ರ ಕೆದಕುವುದು ನಿವೃತ್ತನಾದ ನನ್ನ ಚಟ, ಮನೆಯವರ ಸಂಕಟ. ಈ ಪಾಂಡಿತ್ಯವನ್ನು ಒಮ್ಮೆ ಅಕ್ಕನ ಮೇಲೆ ಪ್ರಯೋಗಿಸಿದ್ದೆ.

ಗಿರಿಜಕ್ಕ ದೇವರಾಜ ಮೊಹಲ್ಲಾದಲ್ಲಿ ಪುಟ್ಟ ಅಂಗಡಿಯಿಟ್ಟು, ಕಾಲಿನಿಂದ ತುಳಿಯುವ ಹಳೆಯ ಯಂತ್ರದಲ್ಲಿ ರವಿಕೆ ಹೊಲಿದೇ ಬದುಕು ಕಟ್ಟಿಕೊಂಡವಳು. ಕಳೆದ ವರ್ಷ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಲಗಾಲು ಮುರಿದುಕೊಂಡಾಗ ವಿಜಯನಗರದ ನಮ್ಮ ಮನೆಗೆ ಕರೆತಂದೆ. ಪ್ಲಾಸ್ಟರ್ ಬಿಚ್ಚಿದ ದಿನ, ಮೊಣಕಾಲ ಕೆಳಗೆ ಬತ್ತಿಹೋದ ಕಾಲನ್ನು ಕಂಡವಳೇ ಸೀರೆ ಎಳೆದು ಮುಚ್ಚಿಕೊಂಡಳು.

“ಇದು ನನ್ನ ಕಾಲಲ್ಲ ಕಣೋ. ಆ ಮಿಷಿನ್ನ ಯಾರಿಗಾದ್ರೂ ಕೊಟ್ಬುಡು.”

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಸುಷ್ಮಾ, “ಮಸಲ್ ವೀಕ್ ಆಗಿದೆ ಅಷ್ಟೇ ಆಂಟಿ, ಕೆಲ್ಸ ಕೊಟ್ರೆ ಸರಿಹೋಗತ್ತೆ” ಎಂದಳು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಸಮಾಧಾನ ಹೇಳುವ ಭರದಲ್ಲಿ ನಾನು ಮರಿಯಿಲಿಯ ಪುರಾಣ ಬಿಚ್ಚಿ, ಅದು ನಿದ್ದೆ ಹೋಗಿದೆ, ಎಬ್ಬಿಸಿದರಾಯಿತು ಎಂದೆ.

“ಇಲೀನಾ! ಗಿರಾಕಿಗಳ ಬ್ಲೌಸ್ ಪೀಸ್ ಕಡಿಯೋದು ಸಾಲ್ದೂಂತ ನನ್ನ ಕಾಲೊಳಗೂ ಬಂತಾ? ಗಣಪತಿ ವಾಹನ ಗಣಪತಿ ಹತ್ರಾನೇ ಇರ್ಲಿ. ಮಲಗಿದ್ರೆ ಮಲಗ್ಲಿ ಬುಡು!”

ನಾನು ಪೆಚ್ಚಾದೆ. ಸುಷ್ಮಾ ನಗು ತಡೆಯುತ್ತ, ಅಕ್ಕನ ಮೊಣಕಾಲ ಕೆಳಗಿನ ಹಿಂಬದಿಯನ್ನು ಮುಟ್ಟಿ, “ಈ ಭಾಗಕ್ಕೆ ಕನ್ನಡದಲ್ಲಿ ಏನಂತಾರೆ ಸರ್?” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಗೋಡೆಯ ಕಡೆಯಿಂದ ಅಕ್ಕನ ದನಿ ಬಂತು.

“ಮೀನಖಂಡ. ಎಣ್ಣೆ ತಿಕ್ಕುವಾಗ ನಮ್ಮಮ್ಮ ಅಂತಿದ್ಲು.”

ಮೀನಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವ ನಮ್ಮ ಮನೆತನದವರು ಕಾಲಿಗೊಂದರಂತೆ ಮೀನು ಹೊತ್ತು ತಿರುಗುತ್ತಿದ್ದೇವೆಂದು ನನಗೆ ಹೊಳೆದದ್ದೇ ಆಗ. ಮರುದಿನ ಸುಷ್ಮಾ ಬೆಚ್ಚಗಿನ ಎಣ್ಣೆಯ ಬಟ್ಟಲು ತರಿಸಿಕೊಂಡು, “ಮೀನು ಹೇಗಿದೆ ಆಂಟಿ?” ಎಂದಳು. “ನೀರಿಲ್ದೆ ಬಿದ್ದಿದೆ ಕಣಮ್ಮ” ಎಂದಳು ಅಕ್ಕ. ಆದರೆ ಕಾಲು ಮುಚ್ಚಿಕೊಳ್ಳಲಿಲ್ಲ. ಹೀಗೇ ವಾರಗಳು ಉರುಳಿದವು. ನೋವಿಗೆ ಅತ್ತಳು, ಸುಷ್ಮಾಳನ್ನು ಬೈದಳು, ಮಾರನೆಯ ದಿನ ಅವಳಿಗೆಂದೇ ಅವಲಕ್ಕಿ ಮಾಡಿಸಿದಳು.

ಒಂದು ಬೆಳಗ್ಗೆ ಸುಷ್ಮಾಳ ಅಂಗೈಗೆ ಪಾದ ಒತ್ತುತ್ತಿದ್ದವಳು ಕೂಗಿಕೊಂಡಳು: “ಅಲ್ಲಾಡ್ತು ಕಣಮ್ಮ! ಲೋ, ನೀನೂ ಮುಟ್ನೋಡೋ!” ನನ್ನ ಕೈಯೆಳೆದು ಕಾಲಿನ ಮೇಲಿಟ್ಟುಕೊಂಡಳು. ಎಣ್ಣೆ ಜಿಡ್ಡಿನ ಚರ್ಮದಡಿ ಏನೋ ಸಣ್ಣಗೆ ಮಿಡುಕಿತು. ವ್ಯುತ್ಪತ್ತಿಯನ್ನೆಲ್ಲ ಮರೆತು, “ಇನ್ನೊಂದ್ಸಲ ಒತ್ತು ನೋಡೋಣ” ಎಂದೆ.

ಆ ಕಾಲು ಇನ್ನೊಂದರಷ್ಟು ತುಂಬಿಕೊಳ್ಳಲೇ ಇಲ್ಲ. ಅಕ್ಕ ಈಗಲೂ ತುಸು ಎಳೆದೇ ನಡೆಯುತ್ತಾಳೆ. ಆದರೂ ಶ್ರಾವಣಕ್ಕೆ ಮೊದಲೇ ಅಂಗಡಿ ತೆರೆದಳು. ಅಂದು ಜೊತೆಗೆ ಹೋಗಿದ್ದೆ. ತುಳಿದಳು, ನಿಂತು ಉಸಿರೆಳೆದುಕೊಂಡಳು, ಮತ್ತೆ ತುಳಿದಳು. ಅಷ್ಟರಲ್ಲಿ ಹೆಂಗಸೊಬ್ಬಳು ರವಿಕೆಯ ಬಟ್ಟೆ ತಂದಿಟ್ಟು, “ಯಾವಾಗ ಬರ್ಲಿ ಗಿರಿಜಕ್ಕ?” ಎಂದಳು.

“ನಾಳೆ ಬಾರಮ್ಮ” ಎಂದಳು ಅಕ್ಕ, ಲೋಕದ ಎಲ್ಲ ದರ್ಜಿಗಳ ಹಾಗೆ, ನಾಳೆಗೆ ಖಂಡಿತ ಆಗುವುದಿಲ್ಲವೆಂದು ಚೆನ್ನಾಗಿ ಗೊತ್ತಿದ್ದೂ.