ಆಂಟಿ ತಾವೇ ಬರೆದ ಮತ
ಜನಮತಗಣನೆಯ ದಿನ ಆಸ್ಟ್ರೇಲಿಯಾದ ಪರ್ತ್‌ನ ವಿಲೆಟನ್ ಮತಗಟ್ಟೆಯಲ್ಲಿ ನನಗೆ ಡ್ಯೂಟಿ ಇತ್ತು. ಸಂವಿಧಾನ ತಿದ್ದಲು ಒಪ್ಪಿಗೆಯೇ ಎಂಬ ಪ್ರಶ್ನೆಗೆ ಮತಪತ್ರದ ಮೇಲೆ ಇಂಗ್ಲಿಷಿನಲ್ಲಿ ಯೆಸ್ ಅಥವಾ ನೋ ಅಂತ ಬರೆಯಬೇಕಿತ್ತು.

ಸೊಸೆಯ ಜೊತೆ ಬಂದಿದ್ದ ಮೈಸೂರಿನ ಆಂಟಿಯೊಬ್ಬರು, ನಾನು ಕನ್ನಡದವನೆಂದು ತಿಳಿದು ಹತ್ತಿರ ಬಂದರು. "ನಂಗೆ ಇಂಗ್ಲಿಷ್ ಬರೆಯಕ್ಕೆ ಬರಲ್ಲ ಕಣಪ್ಪಾ."

"ನಾನು ಬರೀತೀನಿ ಬಿಡಿ ಅತ್ತೆ," ಅಂದಳು ಸೊಸೆ. ನಿಯಮದಲ್ಲಿ ಅದಕ್ಕೆ ಅವಕಾಶವೂ ಇತ್ತು.

ಆಂಟಿ ಒಪ್ಪಲಿಲ್ಲ. "ಬೇರೆ ಕಾಗದದಲ್ಲಿ ಎರಡೂ ಪದ ಬರ್ದು, ಕೆಳಗೆ ಕನ್ನಡದಲ್ಲಿ ಅರ್ಥ ಹಾಕ್ಕೊಡಪ್ಪ. ನೋಡ್ಕೊಂಡು ನಾನೇ ಬರೀತೀನಿ."

ಬರೆದುಕೊಟ್ಟೆ. ಅದನ್ನು ನೋಡಿಕೊಂಡು ಬರೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಸಾಲಿನಲ್ಲಿ ನಿಂತವರು ಯಾರೂ ಗೊಣಗಲಿಲ್ಲ. ಕೊನೆಗೆ ಆಂಟಿ ಮಡಿಚಿದ ಮತಪತ್ರವನ್ನು ಪೆಟ್ಟಿಗೆಗೆ ಹಾಕಿದರು.

"ಏನ್ ಬರೆದ್ರಿ ಅತ್ತೆ?" ಸೊಸೆ ಮೆಲ್ಲಗೆ ಕೇಳಿದಳು.

"ಇಂಗ್ಲಿಷ್ ಬರೆದೆ ಕಣೇ," ಅಂದರು ಆಂಟಿ.